ಕ್ಯೂಬಾದ ಸೈಕಲ್ಲು, ನಮ್ಮೂರ ಹೆಣ್ಣುಮಕ್ಕಳು

(ಶಾಲೆಯ ಸುವರ್ಣ ಮಹೋತ್ಸವದ ಕ್ರೀಡಾಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿನಿ, ನಿವೃತ್ತ ದೈಹಿಕ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ ‘ಗ್ರಾಮೀಣ ಹೆಣ್ಣುಮಕ್ಕಳು ಮತ್ತು ಕ್ರೀಡೆ’. ಈ ವಿಷಯದ ಮೇಲೆ ಉಪದೇಶ ಮಾಡುವುದು ಸುಲಭ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಮನೆಗೆ ಹೋಗಿ ಮರೆಯುತ್ತಾರೆ. ಆದ್ದರಿಂದ ಉಪದೇಶ ಬಿಟ್ಟು ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇನೆ. ಆಕೆ ನಮ್ಮ ದೇಶದವಳಲ್ಲ. ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದ ಪಕ್ಕದಲ್ಲಿರುವ ಕ್ಯೂಬಾ ಎಂಬ ದ್ವೀಪದವಳು. ಹೆಸರು ಯೋವಾಂಕಾ ಗೊನ್ಸಾಲೆಸ್. ಸೈಕಲ್ ಓಟಗಾರ್ತಿ. ಇಷ್ಟು ದೂರದವಳ ಕಥೆ ಹೊಳೆಆಲೂರಿನಲ್ಲಿ ಯಾಕೆ ಎಂದು ಕೇಳಬಹುದು. ಕೇಳುತ್ತ ಹೋದ ಹಾಗೆ ಅದು ಅಷ್ಟೇನೂ ದೂರದ್ದಲ್ಲ ಅನ್ನಿಸೀತು.

ಮೊದಲು ನಮ್ಮ ಕ್ರೀಡಾಕೂಟಗಳಲ್ಲಿ ನಾನು ಎಷ್ಟೋ ವರ್ಷ ನೋಡಿದ ಒಂದು ಸಂಗತಿ. ಗಣರಾಜ್ಯೋತ್ಸವಕ್ಕೋ ಜಾತ್ರೆಗೋ ಸೈಕಲ್ ಸ್ಪರ್ಧೆ ಇಡುತ್ತಾರೆ. ಗಂಡುಮಕ್ಕಳಿಗೆ ಊರಿಂದ ಊರಿಗೆ ಜೋರಾಗಿ ಹೊಡೆಯುವ ಸ್ಪರ್ಧೆ. ಹೆಣ್ಣುಮಕ್ಕಳಿಗೆ ‘ನಿಧಾನ ಸೈಕಲ್ ಸ್ಪರ್ಧೆ’. ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಹಿಂದೆ ಬಂದವಳು ಗೆದ್ದಂತೆ! ಅದು ತಮಾಷೆಯ ಆಟ, ಅದಕ್ಕೂ ಸಮತೋಲ ಬೇಕು, ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆಣ್ಣುಮಗಳಿಗೆ ‘ನಿಧಾನ ಹೋಗು’ ಎಂದು ಬಹುಮಾನ ಕೊಡುವ ಊರುಗಳಿಂದಲೇ ನಾಡಿನ ವೇಗದ ಸೈಕಲ್ ಓಟಗಾರ್ತಿಯರು ಬಂದಿದ್ದಾರೆ ಎಂಬುದನ್ನು ಮರೆಯಬಾರದು. ಅದಕ್ಕೆ ಆಮೇಲೆ ಬರುತ್ತೇನೆ.

ಕ್ಯೂಬಾ ಸಣ್ಣ ದೇಶ. ನಮ್ಮ ಕರ್ನಾಟಕ ಒಂದು ಲಕ್ಷ ತೊಂಬತ್ತು ಸಾವಿರ ಚದರ ಕಿಲೋಮೀಟರಿಗಿಂತ ದೊಡ್ಡದು. ಕ್ಯೂಬಾ ಸುಮಾರು ಒಂದು ಲಕ್ಷ ಹತ್ತು ಸಾವಿರ. 2011ರ ಜನಗಣತಿಯಂತೆ ನಾವು ಆರು ಕೋಟಿಗೂ ಹೆಚ್ಚು ಜನ. ಅವರು ಒಂದು ಕೋಟಿಯ ಆಸುಪಾಸು. ಹಿಂದೆ ಅವರ ಮುಖ್ಯ ಬೆಳೆ ಕಬ್ಬು, ಮುಖ್ಯ ವ್ಯಾಪಾರ ಸಕ್ಕರೆ ಆಗಿತ್ತು. ಮುಧೋಳ, ಜಮಖಂಡಿ ಕಡೆಯವರಿಗೆ ಈ ಬದುಕು ಬಿಡಿಸಿ ಹೇಳಬೇಕಿಲ್ಲ. ಅಮೆರಿಕ ಅವರೊಡನೆ ವ್ಯಾಪಾರ ನಿಲ್ಲಿಸಿದ ಮೇಲೆ ಆ ಸಕ್ಕರೆಯನ್ನು ಸೋವಿಯತ್ ಒಕ್ಕೂಟ ಒಳ್ಳೆಯ ಬೆಲೆಗೆ ಕೊಳ್ಳುತ್ತಿತ್ತು, ಬದಲಿಗೆ ಪೆಟ್ರೋಲು ಡೀಸೆಲ್ಲಿಗೆ ಬೇಕಾದ ತೈಲ ಕೊಡುತ್ತಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆದುಹೋಯಿತು. ಸಕ್ಕರೆ ಕೊಳ್ಳುವವರಿಲ್ಲ, ತೈಲ ಕೊಡುವವರಿಲ್ಲ. ಬಸ್ಸು ನಿಂತವು, ಟ್ರ್ಯಾಕ್ಟರ್ ನಿಂತವು, ಹೊಲಕ್ಕೆ ಮತ್ತೆ ಎತ್ತು ಬಂದವು. ರೇಶನ್ ಕಡಿಮೆಯಾಯಿತು, ಜನ ಸೊರಗಿದರು.

ಆಗ ಆ ಸರ್ಕಾರ ಚೀನಾದಿಂದ ಸೈಕಲ್ ತರಿಸಿತು. ಒಂದೆರಡು ಸಾವಿರವಲ್ಲ, ಹತ್ತು ಲಕ್ಷಕ್ಕೂ ಹೆಚ್ಚು. ನಮ್ಮ ಹಳೆಯ ಅಟ್ಲಾಸ್, ಹೀರೊ ಇದ್ದಂಥ ಭಾರವಾದ ಕಪ್ಪು ಸೈಕಲ್ಲುಗಳು. ವೈದ್ಯರು, ಶಿಕ್ಷಕರು, ಕಾರ್ಖಾನೆಯವರು, ಮುದುಕರು, ಹೆಣ್ಣುಮಕ್ಕಳು, ಎಲ್ಲರೂ ಸೈಕಲ್ ಹತ್ತಿದರು. ರಾಜಧಾನಿ ಹವಾನಾದಲ್ಲಿ ಕೊಲ್ಲಿಯ ಕೆಳಗೆ ಒಂದು ಸುರಂಗ ದಾರಿ ಇದೆ. ಅದರೊಳಗೆ ಸೈಕಲ್ ಹೊಡೆಯಲು ಬಿಡುವುದಿಲ್ಲ. ಹಾಗಾಗಿ ಸೀಟು ಕಿತ್ತ ಬಸ್ಸಿನಲ್ಲಿ ಸೈಕಲ್ ಸಮೇತ ಜನರನ್ನು ದಾಟಿಸುತ್ತಿದ್ದರು. ಹೊಳೆ ಬಂದಾಗ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದಾಟಿದ ನಮ್ಮವರಿಗೆ ಇದು ಅರ್ಥವಾಗುತ್ತದೆ. ಮಲಪ್ರಭೆಯೂ ಬೆಣ್ಣೆಹಳ್ಳವೂ ಒಟ್ಟಿಗೆ ಉಕ್ಕಿದ ವರ್ಷಗಳನ್ನು ಕಂಡವರು ನಾವು.

ಕ್ಯೂಬಾದವರು ಸೈಕಲ್ ಕಲಿತದ್ದು ಆಗಷ್ಟೇ ಅಲ್ಲ. 1961ರಲ್ಲೇ ಆ ದೇಶ ಕ್ರೀಡೆಗೆಂದು ಒಂದು ರಾಷ್ಟ್ರೀಯ ಸಂಸ್ಥೆ ಕಟ್ಟಿತು. 1964ರಲ್ಲಿ ಇಡೀ ದ್ವೀಪವನ್ನು ಸೈಕಲ್ ಮೇಲೆ ದಾಟುವ ‘ವುವೆಲ್ತಾ ಅ ಕ್ಯೂಬಾ’ ಎಂಬ ಸ್ಪರ್ಧೆ ಶುರುವಾಯಿತು. ಪ್ರತಿ ಪ್ರಾಂತದಲ್ಲೂ ಕ್ರೀಡಾ ಶಾಲೆಗಳನ್ನು ತೆರೆದರು. ಚಿಕ್ಕ ವಯಸ್ಸಿನ ಮಗುವನ್ನು ಗುರುತಿಸಿ, ಅಲ್ಲೇ ಊಟ, ಅಲ್ಲೇ ಪಾಠ, ಅಲ್ಲೇ ತರಬೇತಿ. ತಂದೆತಾಯಿ ಖರ್ಚು ಮಾಡಬೇಕಿಲ್ಲ. 1991ರಲ್ಲಿ ಪ್ಯಾನ್ ಅಮೆರಿಕನ್ ಕ್ರೀಡಾಕೂಟ ಹವಾನಾದಲ್ಲಿ ನಡೆಯಿತು. ಅದಕ್ಕೆಂದು ಅಲ್ಲಿ ಒಂದು ವೆಲೋಡ್ರೋಮ್ ಕಟ್ಟಿದರು. ವೆಲೋಡ್ರೋಮ್ ಎಂದರೆ ಸೈಕಲ್ ಓಟಕ್ಕೆಂದೇ ಮಾಡಿದ ಅಂಡಾಕಾರದ ಪಥ. ತಿರುವುಗಳಲ್ಲಿ ಗೋಡೆಯಂತೆ ಒಳಮುಖವಾಗಿ ವಾಲಿರುತ್ತದೆ, ವೇಗದಲ್ಲಿ ಬಂದವರು ಹೊರಗೆ ಎಸೆಯಲ್ಪಡದಿರಲಿ ಎಂದು. ನೋಡಿ, ವೆಲೋಡ್ರೋಮ್ ಎದ್ದ ವರ್ಷವೇ ದೇಶದ ಹೊಟ್ಟೆಗೆ ಕಲ್ಲು ಬಿದ್ದ ವರ್ಷ. ಆದರೂ ಆ ಪಥಕ್ಕೆ ಬೀಗ ಹಾಕಲಿಲ್ಲ.

ಯೋವಾಂಕಾ ಹುಟ್ಟಿದ್ದು 1976ರ ಜನವರಿಯಲ್ಲಿ, ಬಿಯಾ ಕ್ಲಾರಾ ಪ್ರಾಂತದ ಸಿಫುಯೆಂತೆಸ್ ಎಂಬ ಸಣ್ಣ ಊರಲ್ಲಿ. ಹವಾನಾ ನಗರದವಳಲ್ಲ. ಕಷ್ಟದ ವರ್ಷಗಳು ಶುರುವಾದಾಗ ಆಕೆಗೆ ಹದಿನೈದು, ನಮ್ಮ ಹತ್ತನೇ ಇಯತ್ತೆಯ ಹುಡುಗಿಯರ ವಯಸ್ಸು. ಬೆಳೆಯುವ ದೇಹಕ್ಕೆ ಹಾಲು ಮೊಟ್ಟೆ ಬೇಕಾದ ಕಾಲದಲ್ಲೇ ದೇಶದಲ್ಲಿ ಎಲ್ಲಕ್ಕೂ ಬರ. ಆ ಪೀಳಿಗೆಯಿಂದ ಬಂದ ಆಕೆ ರಸ್ತೆಯ ಮೇಲೂ ಪಥದ ಮೇಲೂ, ಎರಡರಲ್ಲೂ ಸೈಕಲ್ ಹೊಡೆದಳು. ಎರಡೂ ಬೇರೆ ಬೇರೆ ವಿದ್ಯೆ. ರಸ್ತೆ ಸೈಕಲ್ಲಿಗೆ ಗೇರು ಬಹಳ, ಬ್ರೇಕು ಉಂಟು, ಏರು ಇಳಿವು ಗಾಳಿ ಮಳೆ ಎಲ್ಲ ತಡೆಯಬೇಕು. ಪಥದ ಸೈಕಲ್ಲಿಗೆ ಒಂದೇ ಗೇರು, ಬ್ರೇಕೇ ಇಲ್ಲ! ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ, ಕಾಲು ನಿಲ್ಲಿಸುವಂತಿಲ್ಲ.

2004ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ‘ಸ್ಕ್ರ್ಯಾಚ್’ ಎಂಬ ಸ್ಪರ್ಧೆಯಲ್ಲಿ ಯೋವಾಂಕಾ ಚಿನ್ನ ಗೆದ್ದಳು. ಸ್ಕ್ರ್ಯಾಚ್‌ನ ನಿಯಮ ಸರಳ: ಎಲ್ಲರೂ ಒಟ್ಟಿಗೆ ಹೊರಡುವುದು, ಕೊನೆಯಲ್ಲಿ ಮೊದಲು ಬಂದವರು ಗೆದ್ದಂತೆ. ಸರಳ ಅನ್ನಿಸುವುದರಿಂದಲೇ ಕಠಿಣ. ಯಾವಾಗ ತಡೆದುಕೊಳ್ಳಬೇಕು, ಯಾವಾಗ ಬಿಡಬೇಕು ಎಂಬ ಲೆಕ್ಕ ತಪ್ಪಿದರೆ ಎಲ್ಲ ತಪ್ಪಿತು. ಆಗ ಆಕೆಗೆ ಇಪ್ಪತ್ತೆಂಟು ವರ್ಷ. ಇಪ್ಪತ್ತೆಂಟು ವರ್ಷದ ನಮ್ಮ ಹೆಣ್ಣುಮಕ್ಕಳು ಯಾವ ಆಟದ ಮೈದಾನದಲ್ಲಿ ಸಿಗುತ್ತಾರೆ, ಯೋಚಿಸಿ.

ಇನ್ನು 2008ರ ಬೀಜಿಂಗ್ ಒಲಿಂಪಿಕ್ಸ್. ಆಗಸ್ಟ್ 18ನೇ ತಾರೀಖು, ‘ಪಾಯಿಂಟ್ಸ್ ರೇಸ್’. ಇದನ್ನು ಮಕ್ಕಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಥದ ಸುತ್ತಳತೆ 250 ಮೀಟರ್. ನಮ್ಮ ಮೈದಾನದಲ್ಲಿ ಕ್ರೀಡಾಕೂಟಕ್ಕೆ ಸುಣ್ಣದ ಗೆರೆ ಹಾಕುತ್ತೇವಲ್ಲ, ಆ 200 ಮೀಟರಿನ ಸುತ್ತಿಗಿಂತ ಒಂದಿಷ್ಟು ದೊಡ್ಡದು. ಅದನ್ನು ನೂರು ಸಲ ಸುತ್ತಬೇಕು. ಒಟ್ಟು 25 ಕಿಲೋಮೀಟರ್. ಪ್ರತಿ ಹತ್ತು ಸುತ್ತಿಗೊಮ್ಮೆ ಗಂಟೆ ಬಾರಿಸಿ ಒಂದು ಜಿಗಿತದ ಓಟ. ಅದರಲ್ಲಿ ಮೊದಲು ಬಂದವರಿಗೆ 5 ಅಂಕ, ಎರಡನೆಯವರಿಗೆ 3, ಮೂರನೆಯವರಿಗೆ 2, ನಾಲ್ಕನೆಯವರಿಗೆ 1. ಹೀಗೆ ಹತ್ತು ಸಲ. ಯಾರಾದರೂ ಗುಂಪನ್ನು ಬಿಟ್ಟು ಓಡಿ, ಒಂದು ಪೂರ್ತಿ ಸುತ್ತು ಮುಂದಾಗಿ, ಹಿಂದಿನಿಂದ ಬಂದು ಗುಂಪಿಗೆ ಸೇರಿದರೆ ಅವರಿಗೆ ಒಮ್ಮೆಲೇ 20 ಅಂಕ.

ಇಲ್ಲಿ ಮುಖ್ಯ ವೈರಿ ಪಕ್ಕದವಳಲ್ಲ, ಗಾಳಿ. ಇದು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಆಷಾಢದ ಗಾಳಿಯಲ್ಲಿ ಎರೆಹೊಲದ ನಡುವಿನ ರಸ್ತೆಯಲ್ಲಿ ಶಾಲೆಗೆ ಬರುವ ನಾಲ್ಕು ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬರುತ್ತಾರೆ. ಮುಂದಿನವಳು ದಣಿದರೆ ಹಿಂದಿನವಳು ಮುಂದೆ ಬರುತ್ತಾಳೆ. ಮುಂದಿನವಳು ಗಾಳಿ ಸೀಳಿದರೆ ಹಿಂದಿನವಳಿಗೆ ಎಷ್ಟೋ ಶ್ರಮ ಉಳಿಯುತ್ತದೆ. ಒಲಿಂಪಿಕ್ಸ್ ಪಥದಲ್ಲೂ ಇದೇ ಲೆಕ್ಕ. ಹಿಂದೆ ಅಡಗಿ ಶಕ್ತಿ ಉಳಿಸಿಕೊಳ್ಳಬೇಕು, ಗಂಟೆ ಬಾರಿಸುವ ಹೊತ್ತಿಗೆ ಸರಿಯಾದ ಚಕ್ರದ ಹಿಂದೆ ಇರಬೇಕು. ಅರ್ಧ ಗಂಟೆಗೂ ಹೆಚ್ಚು ಹೊತ್ತು ಕಾಲಿನಷ್ಟೇ ತಲೆಯೂ ಓಡಬೇಕು.

ಆ ದಿನ ನೆದರ್‌ಲ್ಯಾಂಡ್ಸಿನ ಮರಿಯಾನೆ ವೋಸ್ ಗುಂಪು ಬಿಟ್ಟು ಓಡಿ ಒಂದು ಸುತ್ತು ಮುಂದಾದಳು. ಆಕೆಗೆ 30 ಅಂಕ, ಚಿನ್ನ. ಆಗ ಆಕೆಗೆ 21 ವರ್ಷ. ಮುಂದೆ ಲಂಡನ್ನಿನಲ್ಲಿ ರಸ್ತೆ ಸ್ಪರ್ಧೆಯ ಚಿನ್ನವನ್ನೂ ಗೆದ್ದ, ಜಗತ್ತು ಕಂಡ ಅತಿ ದೊಡ್ಡ ಸೈಕಲ್ ಓಟಗಾರ್ತಿಯರಲ್ಲಿ ಒಬ್ಬಳು. ಅವಳ ಹಿಂದೆ 18 ಅಂಕ ಗಳಿಸಿ ಬೆಳ್ಳಿ ಗೆದ್ದವಳು 32 ವರ್ಷದ ಯೋವಾಂಕಾ. ಅವಳಿಗೆ ಸುತ್ತು ಮುಂದಾದ ಇಪ್ಪತ್ತು ಅಂಕ ಸಿಗಲಿಲ್ಲ. ಹದಿನೆಂಟನ್ನೂ ಗಂಟೆ ಬಾರಿಸಿದಾಗಲೆಲ್ಲ ಜಿಗಿದು ಮೂರು, ಐದು ಎಂದು ಕೂಡಿಸಿದ್ದು. ಸಂತೆಯಲ್ಲಿ ಕಾಸಿಗೆ ಕಾಸು ಕೂಡಿಸಿ ಮನೆ ನಡೆಸುವ ನಮ್ಮ ಅವ್ವಂದಿರ ಲೆಕ್ಕ ಅದು. ಸ್ಪೇನಿನ ಲೆಯಿರೆ ಒಲಾಬೆರ್ರಿಯಾ 13 ಅಂಕದೊಡನೆ ಕಂಚು ಪಡೆದಳು. ಸೈಕ್ಲಿಂಗ್‌ನಲ್ಲಿ ಕ್ಯೂಬಾ ದೇಶಕ್ಕೆ ಬಂದ ಮೊದಲ ಒಲಿಂಪಿಕ್ಸ್ ಪದಕ ಯೋವಾಂಕಾಳ ಆ ಬೆಳ್ಳಿ.

ಆಕೆ ಒಂಟಿ ಮರವಲ್ಲ, ತೋಪು. ಯುಮಾರಿ ಗೊನ್ಸಾಲೆಸ್ ಎಂಬ ಇನ್ನೊಬ್ಬಾಕೆ 2007ರಲ್ಲಿ ಮತ್ತು 2009ರಲ್ಲಿ ಅದೇ ಸ್ಕ್ರ್ಯಾಚ್ ಸ್ಪರ್ಧೆಯಲ್ಲಿ ವಿಶ್ವ ಚಾಂಪಿಯನ್ ಆದಳು. ಲಿಸಾಂದ್ರಾ ಗುಯೆರ್ರಾ 500 ಮೀಟರ್ ಓಟದಲ್ಲಿ ವಿಶ್ವಮಟ್ಟದವಳು. ಆದರೆ ಆಕೆ ಬೀಜಿಂಗಿಗೆ ಹೋಗುವ ಹೊತ್ತಿಗೆ ಆ ಸ್ಪರ್ಧೆಯನ್ನೇ ಒಲಿಂಪಿಕ್ಸಿನಿಂದ ತೆಗೆದುಹಾಕಿದ್ದರು. ಪಾಯಿಂಟ್ಸ್ ರೇಸ್ ಕೂಡ 2008ರ ನಂತರ ಪ್ರತ್ಯೇಕ ಪದಕದ ಸ್ಪರ್ಧೆಯಾಗಿ ಉಳಿಯಲಿಲ್ಲ. ಯೋವಾಂಕಾ ಆ ಸಲ ಗೆಲ್ಲದಿದ್ದರೆ ಇನ್ನೊಂದು ಸಲ ಇರಲೇ ಇಲ್ಲ. ಕ್ರೀಡೆಯಲ್ಲಿ ಬಾಗಿಲು ತೆರೆದಿರುವ ಹೊತ್ತು ಬಹಳ ಕಡಿಮೆ. ಮಕ್ಕಳನ್ನು ‘ಮುಂದಿನ ವರ್ಷ ನೋಡೋಣ’ ಎಂದು ತಡೆಯುವ ನಾವು ಇದನ್ನು ತಿಳಿದಿರಬೇಕು.

ಆಮೇಲೆ ಬಂದವಳು ಅರ್ಲೆನಿಸ್ ಸಿಯೆರ್ರಾ. 1992ರಲ್ಲಿ, ಆ ಬರದ ವರ್ಷಗಳ ನಟ್ಟನಡುವೆ, ದ್ವೀಪದ ಪೂರ್ವ ಭಾಗದ ಮಾನ್ಸಾನಿಯೊ ಊರಲ್ಲಿ ಹುಟ್ಟಿದವಳು. 2011ರಲ್ಲಿ ಹದಿನೆಂಟರ ಹುಡುಗಿ ಪ್ಯಾನ್ ಅಮೆರಿಕನ್ ಕೂಟದ ರಸ್ತೆ ಸ್ಪರ್ಧೆಯಲ್ಲಿ ಚಿನ್ನ ಗೆದ್ದಳು. ಕ್ಯೂಬಾದಲ್ಲಿ ಬಹಳ ಕಾಲ ಆಟಗಾರರು ಹಣಕ್ಕಾಗಿ ಹೊರದೇಶದ ತಂಡಗಳಲ್ಲಿ ಆಡುವಂತಿರಲಿಲ್ಲ. 2013ರಲ್ಲಿ ಆ ನಿಯಮ ಸಡಿಲವಾಯಿತು. 2017ರಲ್ಲಿ ಅರ್ಲೆನಿಸ್ ಅಸ್ತಾನಾ ಎಂಬ ವೃತ್ತಿಪರ ತಂಡ ಸೇರಿದಳು, 2019ರಲ್ಲಿ ಆಸ್ಟ್ರೇಲಿಯಾದ ಕೆಡೆಲ್ ಇವಾನ್ಸ್ ಹೆಸರಿನ ದೊಡ್ಡ ರಸ್ತೆ ಸ್ಪರ್ಧೆ ಗೆದ್ದಳು, 2022ರಲ್ಲಿ ಸ್ಪೇನಿನ ಮೊವಿಸ್ಟಾರ್ ತಂಡಕ್ಕೆ ಹೋದಳು.

ನಾನು ಕ್ಯೂಬಾವನ್ನು ಸ್ವರ್ಗ ಎನ್ನುತ್ತಿಲ್ಲ. ಪದಕ ಗೆದ್ದವರಿಗೂ ಅಲ್ಲಿ ಕೈತುಂಬ ಸಂಬಳ ಇರಲಿಲ್ಲ. ಎಷ್ಟೋ ಆಟಗಾರರು ದೇಶ ಬಿಟ್ಟು ಹೋದರು. ಇವತ್ತೂ ಆ ದೇಶ ಕಷ್ಟದಲ್ಲಿದೆ. ಆದರೆ ಒಂದು ಮಾತು ಖರೆ. ಬಡತನ ಇದ್ದರೂ ಹಳ್ಳಿಯ ಹುಡುಗಿಯನ್ನು ಗುರುತಿಸುವ ಕಣ್ಣು, ಆಕೆಗೊಂದು ಶಾಲೆ, ಒಬ್ಬ ಗುರು, ಒಂದು ಪಥ, ಇವು ನಾಲ್ಕು ಕೂಡಿದರೆ ಆಕೆ ಮೂವತ್ತೆರಡರ ತನಕ ಓಡಬಲ್ಲಳು ಎಂದು ಆ ದೇಶ ತೋರಿಸಿತು.

ಈಗ ನಮ್ಮ ನೆಲಕ್ಕೆ ಬರೋಣ. ಕರ್ನಾಟಕದ ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ. ಬೆಂಗಳೂರಲ್ಲ. ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೋಗುವ ನಮ್ಮ ರಾಜ್ಯದ ತಂಡದಲ್ಲಿ ಈ ಜಿಲ್ಲೆಗಳ ರೈತರ ಮಕ್ಕಳೇ ತುಂಬಿರುತ್ತಾರೆ. ಪ್ರೇಮಲತಾ ಸುರೇಬಾನ, ನೀಲಮ್ಮ ಮಲ್ಲಿಗವಾಡ, ಮೇಘಾ ಗೂಗಾಡ, ಇವು ನೀವು ಪತ್ರಿಕೆಯಲ್ಲಿ ಓದಿರಬಹುದಾದ ಹೆಸರುಗಳು; ಎಲ್ಲ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳು ನಮ್ಮ ಭಾಗದಲ್ಲಿವೆ. ಕಣ್ಣಿದೆ, ಗುರುವಿದ್ದಾರೆ, ನಿಲಯವಿದೆ. ಪಥದ ಮಾತು ಮಾತ್ರ ವರ್ಷಗಟ್ಟಲೆ ಎಳೆಯಿತು.

ದೇಶದ ಮಟ್ಟಕ್ಕೆ ಹೋದರೆ ಚಿತ್ರ ಇನ್ನೂ ತೆಳುವು. ಒಲಿಂಪಿಕ್ಸಿನ ಸೈಕ್ಲಿಂಗಿಗೆ ಭಾರತದ ಗಂಡಸರು ಕೊನೆಯ ಸಲ ಹೋದದ್ದು 1964ರ ಟೋಕಿಯೋಗೆ. ಹೆಂಗಸರು ಇದುವರೆಗೂ ಹೋಗಿಲ್ಲ. ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಸೈಕಲ್ ಸ್ಪರ್ಧೆ ಸಿಕ್ಕಿದ್ದೇ 1984ರಲ್ಲಿ. ಆ ಬಾಗಿಲು ತೆರೆದು ಎಷ್ಟು ವರ್ಷವಾಯಿತು, ನೀವೇ ಎಣಿಸಿ. ಕರ್ನಾಟಕದ ಆರನೇ ಒಂದು ಪಾಲು ಜನ ಇರುವ ದೇಶಕ್ಕೆ ಆದದ್ದು ನಮಗೆ ಯಾಕೆ ಆಗಲಿಲ್ಲ?

ನನ್ನ ಅನುಭವದ ಒಂದು ಸಂಗತಿಯಿಂದ ಇದಕ್ಕೆ ಉತ್ತರದ ಒಂದು ತುಣುಕು ಸಿಗುತ್ತದೆ. ನಾನು ದೈಹಿಕ ಶಿಕ್ಷಕಿಯಾಗಿದ್ದ ಒಂದು ಊರಲ್ಲಿ ಒಬ್ಬ ಹುಡುಗಿ ಇದ್ದಳು. ಎಂಟನೇ ಇಯತ್ತೆಯಲ್ಲಿ ಸರ್ಕಾರದ ಸೈಕಲ್ ಸಿಕ್ಕಿತು. ಆರು ಕಿಲೋಮೀಟರ್ ದೂರದ ಹಳ್ಳಿಯಿಂದ ದಿನಾ ಬರುತ್ತಿದ್ದಳು. ಆ ಭಾರದ ಸೈಕಲ್ಲಿನ ಮೇಲೆ, ಹಿಂದೆ ತಂಗಿಯನ್ನು ಕೂರಿಸಿಕೊಂಡು, ಗಂಡುಹುಡುಗರನ್ನು ಹಿಂದೆ ಹಾಕಿ ಬರುತ್ತಿದ್ದಳು. ಕ್ರೀಡಾ ನಿಲಯದ ಆಯ್ಕೆಗೆ ಕಳಿಸೋಣ ಎಂದು ನಾನು ಅವರ ಮನೆಗೆ ಹೋದೆ. ಅವರಪ್ಪ ಒಳ್ಳೆಯವರು, ಚಹಾ ಕೊಟ್ಟು ಕೂರಿಸಿ ಹೇಳಿದರು: “ಟೀಚರ್ರ, ನೀವು ಹೇಳೂದು ಖರೆ ಐತ್ರಿ. ಆದ್ರ ಸೈಕಲ್ ಹೊಡ್ಯಾಕಂತ ಹೆಣಮಗಳನ್ನ ಊರ ಬಿಟ್ಟು ಕಳಿಸಿದ್ರ ನಾಕ ಮಂದಿ ಏನಂದಾರು?” ಅವಳವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಮಾತಾಡಲಿಲ್ಲ. ಹುಡುಗಿ ಹತ್ತನೇ ಇಯತ್ತೆ ಪಾಸಾದಳು. ಎರಡು ವರ್ಷಕ್ಕೆ ಲಗ್ನವಾಯಿತು. ಸೈಕಲ್ ಅವರ ಅಣ್ಣನ ಪಾಲಾಯಿತು, ಅದರ ಮೇಲೆ ಹಾಲಿನ ಕ್ಯಾನು ಹೋಗತೊಡಗಿತು.

ಆ ತಂದೆಯನ್ನು ನಾನು ದೂರುವುದಿಲ್ಲ. ಅವರ ಪ್ರಶ್ನೆಗೆ ಊರು ಉತ್ತರ ಕೊಡಬೇಕಿತ್ತು. ‘ನಾಕು ಮಂದಿ’ ಎಂದರೆ ಬೇರೆ ಯಾರೂ ಅಲ್ಲ, ಇಲ್ಲಿ ಕುಳಿತ ನಾವೇ. ಆ ನಾಕು ಮಂದಿ ‘ಕಳಿಸಪ್ಪಾ, ನಾವು ಅದೀವಿ’ ಎಂದಿದ್ದರೆ ಆತ ಕಳಿಸುತ್ತಿದ್ದರು ಎಂದು ನನಗೆ ಇವತ್ತೂ ಅನ್ನಿಸುತ್ತದೆ.

ಕರ್ನಾಟಕ ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ನಡುವೆ ನಿಂತೂ ಹೋಯಿತು. ಅದರ ಗುಣಮಟ್ಟದ ಬಗ್ಗೆ ನಾವು ಎಷ್ಟೋ ಬೈದಿದ್ದೇವೆ, ಪಂಕ್ಚರ್ ಅಂಗಡಿಯವರಿಗೆ ಗೊತ್ತು. ಆದರೂ ಆ ಸೈಕಲ್ ಮಾಡಿದ ಕೆಲಸ ಸಣ್ಣದಲ್ಲ. ಬಸ್ಸಿಲ್ಲದ ಹಳ್ಳಿಯ ಹುಡುಗಿ ಏಳನೇ ಇಯತ್ತೆಗೆ ಶಾಲೆ ಬಿಡುವ ಬದಲು ಹೈಸ್ಕೂಲಿಗೆ ಬಂದಳು. ಕ್ಯೂಬಾದವರಿಗೆ ಪೆಟ್ರೋಲಿನ ಬರ ಸೈಕಲ್ ಕೊಟ್ಟಿತು, ನಮಗೆ ಒಂದು ಯೋಜನೆ ಕೊಟ್ಟಿತು. ವ್ಯತ್ಯಾಸ ಎಲ್ಲಿ ಎಂದರೆ, ನಮ್ಮ ಹುಡುಗಿಯ ಸೈಕಲ್ ದಾರಿ ಹತ್ತನೇ ಇಯತ್ತೆಗೆ ಮುಗಿಯುತ್ತದೆ.

ಸುವರ್ಣ ಮಹೋತ್ಸವ ಎಂದರೆ ಕಮಾನು ಕಟ್ಟುವುದು, ಶಾಲು ಹೊದಿಸುವುದು. ಅದೂ ಇರಲಿ. ಅದರ ಜೊತೆಗೆ ಹಳೆಯ ವಿದ್ಯಾರ್ಥಿ ಬಳಗದ ಮುಂದೆ ಮೂರು ಮಾತು ಇಡುತ್ತೇನೆ. ಮೊದಲನೆಯದು, ಮುಂದಿನ ವರ್ಷದಿಂದ ನಮ್ಮ ಕ್ರೀಡಾಕೂಟದಲ್ಲಿ ಹೆಣ್ಣುಮಕ್ಕಳಿಗೆ ವೇಗದ ಸೈಕಲ್ ಸ್ಪರ್ಧೆ ಇರಲಿ. ರಸ್ತೆ ಬಂದ್ ಮಾಡಲು ಪೊಲೀಸರಿಗೆ ಒಂದು ಅರ್ಜಿ, ನೀರು ಕೊಡಲು ನಾಲ್ಕು ತರುಣರು ಸಾಕು. ಎರಡನೆಯದು, ಸ್ಪರ್ಧೆಗೆ ಬಳಸುವ ಒಳ್ಳೆಯ ಸೈಕಲ್ಲಿನ ಬೆಲೆ ರೈತನ ಕೈಗೆಟುಕುವಂಥದ್ದಲ್ಲ, ಒಂದೊಂದಕ್ಕೆ ಲಕ್ಷದ ಲೆಕ್ಕ. ಬೆಂಗಳೂರು, ಪುಣೆ, ಗೋವೆಯಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಗಳು ಕೂಡಿ ಎರಡು ಸೈಕಲ್ ಕೊಡಿಸಿದರೆ, ಅವು ಶಾಲೆಯ ಸ್ವತ್ತಾಗಿ ಉಳಿದು ಒಬ್ಬಳಿಂದ ಇನ್ನೊಬ್ಬಳಿಗೆ ಹೋಗುತ್ತವೆ. ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಕಷ್ಟದ್ದು. ಯಾವ ಹುಡುಗಿ ಆಯ್ಕೆಯಾದರೂ ಆಕೆಯ ಮನೆಗೆ ಶಿಕ್ಷಕಿ ಒಬ್ಬಳೇ ಹೋಗಬಾರದು. ಊರಿನ ಇಬ್ಬರು ಹಿರಿಯರು, ಇಬ್ಬರು ತಾಯಂದಿರು ಜೊತೆಗೆ ಹೋಗಬೇಕು. ಅವಳಪ್ಪನ ಎದುರು ಕುಳಿತು ‘ಆ ನಾಕು ಮಂದಿ ನಾವೇ, ಕಳಿಸು’ ಎನ್ನಬೇಕು.

ಮಕ್ಕಳೆ, ನಿಮ್ಮಲ್ಲಿ ಎಲ್ಲರೂ ಒಲಿಂಪಿಕ್ಸಿಗೆ ಹೋಗುವುದಿಲ್ಲ. ಹೋಗಬೇಕೆಂದೂ ಇಲ್ಲ. ಪದಕ ಬಾರದಿದ್ದರೂ ದಿನಾ ಹತ್ತು ಕಿಲೋಮೀಟರ್ ಎದುರುಗಾಳಿಗೆ ಸೈಕಲ್ ಹೊಡೆದ ಹುಡುಗಿಯ ಎದೆಯಲ್ಲಿ ಒಂದು ಗಟ್ಟಿತನ ಉಳಿಯುತ್ತದೆ. ಅದನ್ನು ಯಾರೂ ಕಸಿದುಕೊಳ್ಳಲಾರರು. ಮುಂದಿನವಳು ದಣಿದಾಗ ನೀವು ಮುಂದೆ ಬನ್ನಿ, ನೀವು ದಣಿದಾಗ ಹಿಂದಿನವಳಿಗೆ ದಾರಿ ಬಿಡಿ.